ಐದನೇ ಕೋಣೆ ಕೊನೆಗೂ ಬಿಟ್ಟುಕೊಟ್ಟಿತು

ನಿನ್ನೆ ಶೂಟಿಂಗ್ ರೇಂಜ್‌ನಲ್ಲಿ ನನ್ನ ರಿವಾಲ್ವರ್‌ನಿಂದ 60 ತೋಟಾ ಹೊಡೆದೆ. ಎಜೆಕ್ಟರ್ ರಾಡ್ (ಖಾಲಿ ಕೇಸನ್ನು, ಅಂದರೆ ತೋಟಾದ ಹಿತ್ತಾಳೆ ಕವಚವನ್ನು, ಹೊರದೂಡುವ ಕಡ್ಡಿ) ಒತ್ತಿದ್ದೇ ತಡ, ಅರವತ್ತು ಖಾಲಿ ಕೇಸುಗಳೂ ಟಣ್ಣೆಂದು ಉದುರಿದವು. ಎರಡು ತಿಂಗಳಿಂದ ಕಾದಿದ್ದ ಸದ್ದು ಅದು!

ರಿವಾಲ್ವರ್ .357 ಮ್ಯಾಗ್ನಮ್ ಸಿಂಗಲ್ ಆ್ಯಕ್ಷನ್, ಅಂದರೆ ಪ್ರತಿ ಗುಂಡಿಗೂ ಹ್ಯಾಮರ್ (ಹಿಂದಿನಿಂದ ಬಡಿಯುವ ಸುತ್ತಿಗೆ) ಕೈಯಲ್ಲೇ ಎಳೆಯಬೇಕು. ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರ್ ಏಟನ್ನು ದಾಟಿಸುವ ಟ್ರಾನ್ಸ್‌ಫರ್ ಬಾರ್ ಇದೆ, ತೋಟಾ ಹಾಕಿ ತೆಗೆಯುವ ಪಕ್ಕದ ಗೇಟ್ ತೆರೆದರೆ ಆರು ಕೋಣೆಗಳ ಸಿಲಿಂಡರ್ ತಿರುಗಲು ಸಡಿಲವಾಗುತ್ತದೆ. ಆರರಲ್ಲಿ ಎರಡು ಕೇಸಾದರೂ, ಗಡುವು ಮುಗಿದರೂ ಮನೆ ಖಾಲಿ ಮಾಡದ ಬಾಡಿಗೆದಾರರ ಹಾಗೆ, ಒಳಗೇ ಕೂತುಬಿಡುತ್ತಿದ್ದವು.

ಮದ್ದು ಹೆಚ್ಚಾಗಿರಬಹುದೇ ಎಂಬ ಅನುಮಾನವನ್ನು ಮೊದಲೇ ತಳ್ಳಿಹಾಕಿದೆ. ಹಾಗಿದ್ದಿದ್ದರೆ ಆರೂ ಕೋಣೆಗಳು ಹಠ ಮಾಡಬೇಕಿತ್ತು, ಕೇಸಿನ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗಳು ಚಪ್ಪಟೆಯಾಗಬೇಕಿತ್ತು. ಎರಡೂ ಇರಲಿಲ್ಲ. ಆಮೇಲೆ ಅನುಮಾನ ಹೋದದ್ದು ಮಸಿಯ ಮೇಲೆ. ಅಭ್ಯಾಸಕ್ಕೆ ಅದೇ ಕೋಣೆಗೆ ಹೊಂದುವ ಗಿಡ್ಡ ತೋಟಾ .38 ಸ್ಪೆಷಲ್ ಬಳಸುತ್ತೇನೆ. ಅದರ ಕೇಸ್ 29.3 ಮಿ.ಮೀ., ಮ್ಯಾಗ್ನಮ್‌ನದು 32.8. ಚಿಕ್ಕ ಕೇಸಿನ ಬಾಯಿ ಮುಗಿಯುವಲ್ಲಿ ಮಸಿಯ ಬಳೆ ಕಟ್ಟಿಕೊಳ್ಳುತ್ತದೆ, ಉದ್ದನೆಯ ಕೇಸ್ ಹೋಗಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಕಂಚಿನ ಬ್ರಷ್, ಸಾಲ್ವೆಂಟ್, ಒಂದು ಸಂಜೆ. ಸ್ವಲ್ಪ ಸುಧಾರಿಸಿತು, ಆದರೆ ಗುಣವಾಗಲಿಲ್ಲ.

ಆಗ ಕೋಣೆಗಳಿಗೆ ಮಾರ್ಕರ್‌ನಲ್ಲಿ 1ರಿಂದ 6ರವರೆಗೆ ನಂಬರ್ ಹಾಕಿ, ಯಾವುದು ಎಲ್ಲಿ ನಿಂತಿತು ಎಂದು ಪುಸ್ತಕದಲ್ಲಿ ಬರೆಯತೊಡಗಿದೆ. ಐದನೆಯದು ಪ್ರತಿ ಸಲವೂ ಹಠ ಮಾಡುತ್ತಿತ್ತು. ಇನ್ನೊಂದು ತೊಂದರೆ ಮಾತ್ರ ಅಲೆಮಾರಿ: ಒಮ್ಮೆ ಎರಡರಲ್ಲಿ, ಇನ್ನೊಮ್ಮೆ ಆರರಲ್ಲಿ. ಒಂದೇ ಕಾಯಿಲೆ ಎಂದುಕೊಂಡದ್ದು ಎರಡು ಕಾಯಿಲೆ! ರಾಡ್ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲೇ ಗುಟ್ಟು ಇತ್ತು. ಐದರಲ್ಲಿ ರಾಡ್ ಕೇಸಿನ ತಳದವರೆಗೆ ಹೋಗಿ ನಿಲ್ಲುತ್ತಿತ್ತು. ಅಲೆಮಾರಿಯದ್ದಾದರೆ ಕೋಣೆಯ ಬಾಯಲ್ಲೇ ಟಕ್ ಎಂದು ತಡೆ.

ರಾಡ್ ತುದಿಗೆ ನೀಲಿ ಮಾರ್ಕರ್ ಬಳಿದು ಮತ್ತೆ ಒತ್ತಿದೆ. ಬಣ್ಣ ಕೋಣೆಯ ಬಾಯಂಚಿಗೆ ಅಂಟಿತ್ತು. 1873ರ ಕೋಲ್ಟ್ ವಿನ್ಯಾಸದಲ್ಲಿ ಹ್ಯಾಮರ್ ಅರ್ಧ ಎಳೆದು ತಿರುಗಿಸಿದರೆ 'ಕ್ಲಿಕ್' ಕೇಳಿದಲ್ಲಿ ಕೋಣೆ ಗೇಟಿಗೆ ನೇರ ಬರುತ್ತದೆ. ಈ ರಿವಾಲ್ವರ್‌ನಲ್ಲಿ ಕ್ಲಿಕ್ ಕೇಳುವಷ್ಟರಲ್ಲಿ ಕೋಣೆ ಕೂದಲೆಳೆಯಷ್ಟು ದಾಟಿರುತ್ತದೆ, ಸಿಲಿಂಡರನ್ನು ಮುಂದಕ್ಕೆ ತಳ್ಳುವ ಹಲ್ಲು, ಅಂದರೆ ಪಾಲ್, ಅದನ್ನು ಹಿಂದಕ್ಕೆ ತಿರುಗಲು ಬಿಡುವುದಿಲ್ಲ. ಅವಸರದಲ್ಲಿ ಕ್ಲಿಕ್‌ವರೆಗೆ ತಿರುಗಿಸಿದಾಗಲೆಲ್ಲ ರಾಡ್ ಅಂಚಿಗೆ ಬಡಿಯುತ್ತಿತ್ತು. ಸಾಲದ್ದಕ್ಕೆ ರಾಡ್ ಕೂರುವ ಕೊಳವೆಯಾದ ಎಜೆಕ್ಟರ್ ಹೌಸಿಂಗ್ ಹಿಡಿದಿರುವ ಒಂದೇ ಒಂದು ಸ್ಕ್ರೂ ಒದೆತಕ್ಕೆ ಸಡಿಲವಾಗಿ, ಹೌಸಿಂಗೇ ಅಲ್ಲಾಡುತ್ತಿತ್ತು.

ಸ್ಕ್ರೂವಿನ ತಲೆ ಸವೆದಿತ್ತೆಂದು ಹೊಸದು ತರಿಸಿದೆ. ಮೊದಲ ಸಲ ಬಂದದ್ದು ಗಿಡ್ಡ. ಬದಲಿಸಿ ಕೊಡಿ ಎಂದೆ. ಮೂರು ವಾರ ಬಿಟ್ಟು ಬಂತು, ಅದೇ ಗಿಡ್ಡ ಸ್ಕ್ರೂ, ಚೀಲ ಮಾತ್ರ ಹೊಸದು. ಅಳತೆ ಬರೆದು ಕಳಿಸಿದರೂ ಓದದ ಅಂಗಡಿಗೆ ಏನು ಹೇಳುವುದು! ಮೂರನೆಯದು ಸರಿಹೋಯಿತು. ಎಣ್ಣೆ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್ ಲಾಕರ್ ಅಂಟು ಒಂದು ಹನಿ ಹಾಕಿ ಬಿಗಿದೆ. ರಾಡ್ ತುದಿಯ ಚೂಪಂಚನ್ನು ನಯವಾದ ಕಲ್ಲಿನಿಂದ ಉರುಟು ಮಾಡಿದೆ. ಈಗ ಕಿವಿ ನಂಬುವುದನ್ನು ಬಿಟ್ಟು, ಗೇಟಿನ ನಡುವೆ ಕೇಸಿನ ತಳ ಪೂರ್ತಿ ಕಂಡಾಗ ಕೈ ನಿಲ್ಲಿಸುತ್ತೇನೆ.

ಐದನೇ ಕೋಣೆಯೊಳಗೆ ಟಾರ್ಚ್ ಬಿಟ್ಟಾಗ ಕೋಣೆ ಕೊರೆಯುವ ರೀಮರ್ ಬಿಟ್ಟುಹೋದ ಸಣ್ಣ ಬಳೆಗೆರೆಗಳು ಕಂಡವು. ಅದರಿಂದ ಎಳೆದ ಕೇಸಿನ ಮೈಮೇಲೂ ಅವೇ ಗೆರೆಗಳ ಅಚ್ಚು. ಗುಂಡು ಹಾರುವಾಗ ಹಿತ್ತಾಳೆ ಉಬ್ಬಿ ಆ ಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಮರದ ಕಡ್ಡಿಗೆ ಬಟ್ಟೆ ಸುತ್ತಿ, ಮೆಟಲ್ ಪಾಲಿಶ್ ಹಚ್ಚಿ ಕೈಯಲ್ಲೇ ತಿರುಗಿಸಿದೆ. ಇಪ್ಪತ್ತು ಸುತ್ತು, ಒರೆಸು, ಕೇಸ್ ಹಾಕಿ ನೋಡು, ಮತ್ತೆ ಇಪ್ಪತ್ತು. ಡ್ರಿಲ್, ಉಪ್ಪುಕಾಗದ ಎರಡನ್ನೂ ದಯವಿಟ್ಟು ದೂರವಿಡಿ. ಅಗಲವಾದ ಕೋಣೆಯನ್ನು ಮತ್ತೆ ಕಿರಿದು ಮಾಡಲಾಗದು.

ಮುಂದಿನದು ಪಾಲ್. ಸಿಲಿಂಡರ್ ಎರಡೂ ಕಡೆ ತಿರುಗಲು ಬಿಡುವ ಪಾಲ್ ಹಾಕಿದರೆ ಕ್ಲಿಕ್ ದಾಟಿದರೂ ಹಿಂದಕ್ಕೆ ತರಬಹುದು. ಹೊಂದಿಸುವಾಗ ಟೈಮಿಂಗ್ (ಹ್ಯಾಮರ್ ಎಳೆದಾಗ ಕೋಣೆ ನಳಿಗೆಗೆ ನೇರ ಬರುವ ಹೊಂದಾಣಿಕೆ) ಕೆಡದಂತೆ ನೋಡಬೇಕು. ಅದಕ್ಕಾಗಿ ಮದ್ದಿಲ್ಲದ ಡಮ್ಮಿ ತೋಟಾ ಆರು ತೆಗೆದಿಟ್ಟಿದ್ದೇನೆ, ಹಳೆಯ ಪಾಲ್‌ನ ಅಳತೆಯನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.