ಎರಡೇ ಗ್ಲಾಸ್ ಅಂದರೆ ಎಷ್ಟು?

8 ನವೆಂಬರ್ 2025, ಶನಿವಾರ, ರಾತ್ರಿ 10.20

ವೈನ್ ಕುಡಿಯುವುದನ್ನು ಕಡಿಮೆ ಮಾಡಲು ಶುರು ಮಾಡಿ ಇವತ್ತಿಗೆ ಆರು ವಾರ ಆಯಿತು. ಮೊದಲ ದಿನದಿಂದ ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಲೆಕ್ಕ ಬರೆದಿಡುತ್ತಿದ್ದೇನೆ. ತಾರೀಕು, ಎಷ್ಟು ಎಂಎಲ್, ಎಷ್ಟು ಹೊತ್ತಿಗೆ, ಯಾಕೆ ಕುಡಿದೆ. ಅಷ್ಟೇ. ಇವತ್ತು ಊಟ ಆದ ಮೇಲೆ ಆ ಪುಟಗಳನ್ನು ಮೊದಲಿನಿಂದ ತಿರುಗಿಸಿ ನೋಡಿದೆ. ಇದನ್ನು ನಾಲ್ಕು ಜನ ಓದುವ ಕಡೆ ಬರೆಯಬೇಕು ಅನ್ನಿಸಿತು. "ನನಗೇನು ಚಟ ಇಲ್ಲ, ರಾತ್ರಿ ಎರಡೇ ಗ್ಲಾಸ್" ಅಂದುಕೊಂಡು ಇರುವವರು ಬಹಳ ಜನ ಇದ್ದಾರೆ. ನಾನೂ ಆರೇಳು ವರ್ಷ ಅದನ್ನೇ ಹೇಳುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿ ಹಾಗೇ ನಂಬಿದ್ದೆ.

ಶುರುವಾಗಿದ್ದು ಮಗಳ ಪ್ರಶ್ನೆಯಿಂದ. ಅವಳಿಗೆ ಏಳು ವರ್ಷ. ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ ಅವಳಿಗೆ ಜಡೆ ಹಾಕುತ್ತಿದ್ದೆ. "ಅಮ್ಮಾ, ಆ ಆಮೆ ಕೊನೆಗೆ ಮನೆಗೆ ಹೋಯ್ತು ಅಲ್ವಾ?" ಅಂದಳು. ಯಾವ ಆಮೆ ಅಂದೆ. "ನಿನ್ನೆ ನೀನೇ ಕಥೆ ಹೇಳಿದ್ಯಲ್ಲಮ್ಮಾ!" ಅಂದಳು. ಅವಳ ಪಕ್ಕ ಮಲಗಿ ಕಥೆ ಶುರು ಮಾಡಿದ್ದು ನೆನಪಿತ್ತು. ಆಮೆ ನೆನಪಿರಲಿಲ್ಲ. ಕಥೆ ಮುಗಿದದ್ದು, ದೀಪ ಆರಿಸಿದ್ದು, ಎದ್ದು ಬಂದದ್ದು ಯಾವುದೂ ಇಲ್ಲ. ರಿಬ್ಬನ್ ಕೈಯಲ್ಲೇ ಇತ್ತು. "ಹೂಂ, ಹೋಯ್ತು" ಅಂದುಬಿಟ್ಟೆ. ಅವಳು ಖುಷಿಯಾಗಿ ಓಡಿದಳು. ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಆ ರಾತ್ರಿ ಮೂರನೇ ಗ್ಲಾಸೂ ಆಗಿತ್ತು. ಊಟ ಇನ್ನೂ ಮಾಡಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ, ಅದು ಮರೆವಲ್ಲ. ಖಾಲಿ ಹೊಟ್ಟೆಯಲ್ಲಿ ಬೇಗ ಬೇಗ ಕುಡಿದಾಗ ರಕ್ತದಲ್ಲಿ ಆಲ್ಕೋಹಾಲ್ ಒಮ್ಮೆಲೇ ಏರುತ್ತದೆ. ಆಗ ಮೆದುಳು ಹೊಸ ನೆನಪನ್ನು ಬರೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಮಾತಾಡುತ್ತಿರುತ್ತೇವೆ, ಓಡಾಡುತ್ತಿರುತ್ತೇವೆ, ನೋಡುವವರಿಗೆ ಸರಿಯಾಗೇ ಕಾಣುತ್ತೇವೆ. ಆದರೆ ಒಳಗೆ ಏನೂ ದಾಖಲಾಗುತ್ತಿರುವುದಿಲ್ಲ. ಬರೆದುಕೊಂಡೇ ಇಲ್ಲದ್ದು ಆಮೇಲೆ ಎಷ್ಟು ತಡಕಾಡಿದರೂ ಸಿಗುವುದಿಲ್ಲ. ಆ ಆಮೆ ನನಗೆ ಇನ್ನು ಯಾವತ್ತೂ ನೆನಪಾಗುವುದಿಲ್ಲ.

ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದೆ. ಅವಳು ನರ್ಸ್. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ. "ಬೆಳಿಗ್ಗೆ ಎದ್ದಾಗ ಕೈ ನಡುಗುತ್ತೇನೇ? ಮೈ ಬೆವರುತ್ತಾ? ಒಂದು ಗುಟುಕು ಕುಡಿದರೆ ಸರಿಹೋಗುತ್ತೆ ಅನ್ಸುತ್ತಾ?"

ಇಲ್ಲ ಕಣೇ ಅಂದೆ.

"ಹಾಗಾದ್ರೆ ಸರಿ. ಹೌದು ಅಂದಿದ್ರೆ ನೀನಾಗಿ ನೀನು ಬಿಡೋಕೆ ಹೋಗ್ಬೇಡ, ಮೊದಲು ಡಾಕ್ಟರ್ ಹತ್ರ ಹೋಗೋಣ ಅಂತಿದ್ದೆ."

ಇದು ನನಗೆ ಗೊತ್ತಿರಲಿಲ್ಲ. ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ದಿನವೂ ತುಂಬಾ ಕುಡಿಯುವವರ ಮೆದುಳು ಆಲ್ಕೋಹಾಲ್‌ಗೆ ಹೊಂದಿಕೊಂಡುಬಿಟ್ಟಿರುತ್ತದೆ. ಅಂಥವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಬೆವರು ಬರುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದೆಲ್ಲ ಕಾಣುವುದು, ಎಲ್ಲಿದ್ದೇನೆ ಅನ್ನುವುದೇ ಗೊತ್ತಾಗದಿರುವುದು ಶುರುವಾಗಬಹುದು. ಜೀವಕ್ಕೇ ಅಪಾಯ. "ಗಟ್ಟಿ ಮನಸ್ಸು ಮಾಡಿ ನಾಳೆಯಿಂದಲೇ ಬಿಡು" ಅಂತ ಇಂಥವರಿಗೆ ಹೇಳಲೇಬಾರದು. ಅವರಿಗೆ ಔಷಧಿ ಬೇಕು, ಪಕ್ಕದಲ್ಲಿ ನೋಡಿಕೊಳ್ಳುವವರು ಬೇಕು.

ಆಮೇಲೆ ಅಕ್ಕ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಕಳಿಸಿದಳು. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ್ದು, ಆಡಿಟ್ ಅಂತ ಅದರ ಹೆಸರು. ಒಟ್ಟು ಅಂಕ 40. ಎಂಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರಿಕೆ ಬೇಕು ಅಂತ ಅರ್ಥ. ನನಗೆ 12 ಬಂತು. ಅದರಲ್ಲಿ ನಾಲ್ಕು ಅಂಕ ಬಂದದ್ದು ಒಂದೇ ಪ್ರಶ್ನೆಗೆ. ನೀವು ಕುಡಿಯುವ ಬಗ್ಗೆ ಹತ್ತಿರದವರು ಯಾರಾದರೂ ಕಳೆದ ಒಂದು ವರ್ಷದಲ್ಲಿ ಚಿಂತೆ ಮಾಡಿದ್ದಾರಾ, ಕಡಿಮೆ ಮಾಡು ಅಂದಿದ್ದಾರಾ? ನನ್ನ ಗಂಡ ಅಂದಿದ್ದರು. ಒಂದೇ ಒಂದು ಸಲ, ಬಹಳ ಮೆತ್ತಗೆ. ನಾನು ಎರಡು ದಿನ ಮಾತು ಬಿಟ್ಟಿದ್ದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ನನ್ನ ಕಣ್ಣು ನಿಜವಾಗಿ ತೆರೆದದ್ದು ಅವತ್ತು ಸಂಜೆ. "ಎರಡು ಗ್ಲಾಸ್ ಅಂತೀಯಲ್ಲ, ಅಳೆದಿದ್ದೀಯಾ?" ಅಂತ ಅಕ್ಕ ಕೇಳಿದ್ದಳು. ಖಾಲಿ ವೈನ್ ಬಾಟಲಿ ತೊಳೆದು ನೀರು ತುಂಬಿಸಿದೆ. ನನ್ನ ಗ್ಲಾಸ್ ತೆಗೆದುಕೊಂಡೆ. ಯೋಚನೆ ಮಾಡದೆ, ದಿನಾ ಹೇಗೆ ಹಾಕಿಕೊಳ್ಳುತ್ತೇನೋ ಹಾಗೇ ಬಗ್ಗಿಸಿದೆ. ಕೈ ತಾನಾಗಿಯೇ ಒಂದು ಕಡೆ ನಿಂತಿತು. ಗ್ಲಾಸ್‌ನ ಹೊಟ್ಟೆ ಅಗಲ ಇರುವ ಜಾಗ ದಾಟಿ ಸ್ವಲ್ಪ ಮೇಲೆ. ಆ ನೀರನ್ನು ಅಡುಗೆಮನೆಯ ಅಳತೆ ಕಪ್‌ಗೆ ಸುರಿದೆ. 240 ಎಂಎಲ್. ಇನ್ನೊಮ್ಮೆ ಮಾಡಿದೆ, 235. ಮೂರನೇ ಸಲವೂ 240. ನನ್ನ ಕೈಗೆ ಎಷ್ಟು ಚೆನ್ನಾಗಿ ಅಭ್ಯಾಸ ಆಗಿತ್ತು ನೋಡಿ. ಆ ಕೈ ಅಳತೆ ತಪ್ಪಿರಲಿಲ್ಲ. ಆದರೆ ಅದರ ಅಳತೆ ಎಷ್ಟು ಅಂತ ನನಗೆ ಗೊತ್ತಿರಲಿಲ್ಲ.

ಮಾಮೂಲಾಗಿ ಒಂದು ಗ್ಲಾಸ್ ವೈನ್ ಅಂದರೆ 150 ಎಂಎಲ್ ಅಂತ ಲೆಕ್ಕ. ಕೆಲವು ಕಡೆ 125. ಲೆಕ್ಕ ಹಾಕುವುದು ಸುಲಭ. ಎಷ್ಟು ಎಂಎಲ್ ಇದೆಯೋ ಅದನ್ನು ಬಾಟಲಿ ಮೇಲಿರುವ ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿ. ಬಂದದ್ದನ್ನು 0.79ರಿಂದ ಗುಣಿಸಿದರೆ ಎಷ್ಟು ಗ್ರಾಂ ಆಲ್ಕೋಹಾಲ್ ಅಂತ ಸಿಗುತ್ತದೆ. ನನ್ನದು ಶೇ 13ರ ವೈನ್. 240 ಎಂಎಲ್‌ಗೆ ಸುಮಾರು 25 ಗ್ರಾಂ. ಎರಡು ಗ್ಲಾಸ್‌ಗೆ 50ರ ಹತ್ತಿರ. ಬ್ರಿಟನ್‌ನಲ್ಲಿ 8 ಗ್ರಾಂಗೆ ಒಂದು ಯೂನಿಟ್ ಅಂತಾರೆ. ಹೆಂಗಸಾಗಲಿ ಗಂಡಸಾಗಲಿ ವಾರಕ್ಕೆ 14 ಯೂನಿಟ್ ದಾಟಬಾರದು, ಅದನ್ನೂ ಮೂರು ದಿನ ಅಥವಾ ಇನ್ನೂ ಹೆಚ್ಚು ದಿನಕ್ಕೆ ಹಂಚಿಕೊಳ್ಳಬೇಕು ಅಂತ ಅಲ್ಲಿ 2016ರಿಂದ ಸಲಹೆ ಇದೆ. ನನ್ನದು ಒಂದು ರಾತ್ರಿಗೇ ಆರು ಯೂನಿಟ್. ವಾರಕ್ಕೆ ಐದು ರಾತ್ರಿ. ಮೂವತ್ತು! ಅಳತೆ ಕಪ್ ಪಕ್ಕಕ್ಕಿಟ್ಟು ಸುಮ್ಮನೆ ಕೂತುಬಿಟ್ಟೆ. ವಿಸ್ಕಿ, ರಮ್ ಕುಡಿಯುವವರೂ ಒಮ್ಮೆ ಹೀಗೆ ನೀರು ಹಾಕಿ ನೋಡಿ. ಶೇ 40ರ 60 ಎಂಎಲ್ ಪೆಗ್‌ನಲ್ಲಿ ಸುಮಾರು 19 ಗ್ರಾಂ ಇರುತ್ತದೆ. ಆದರೆ ಮನೆಯಲ್ಲಿ ಹಾಕಿಕೊಳ್ಳುವ ಪೆಗ್ ನಿಜವಾಗಿ 60 ಇರುತ್ತದಾ ಅನ್ನುವುದೇ ಪ್ರಶ್ನೆ.

ರಾತ್ರಿ ಮೂರು ಗಂಟೆಗೆ ಯಾಕೆ ಎಚ್ಚರ ಆಗುತ್ತಿತ್ತು ಅಂತಲೂ ಆಗಲೇ ಗೊತ್ತಾಯಿತು. ವರ್ಷಗಟ್ಟಲೆ ಆ ಹೊತ್ತಿಗೆ ಎದೆ ಹೊಡೆದುಕೊಂಡು, ಬಾಯಿ ಒಣಗಿ ಎದ್ದು ಕೂರುತ್ತಿದ್ದೆ. ಕೆಲಸದ ಟೆನ್ಷನ್ ಅಂದುಕೊಂಡಿದ್ದೆ. ಲಿವರ್ ಒಂದು ಗಂಟೆಗೆ ಸುಮಾರು ಒಂದು ಯೂನಿಟ್ ಕರಗಿಸುತ್ತದೆ. ಕಾಫಿ ಕುಡಿದರೂ ತಣ್ಣೀರು ಸ್ನಾನ ಮಾಡಿದರೂ ಆ ವೇಗ ಏರುವುದಿಲ್ಲ. ಎಂಟೂವರೆಗೆ ಶುರು ಮಾಡಿದ ಆರು ಯೂನಿಟ್ ಇಳಿಯುವುದು ಎರಡೂವರೆ, ಮೂರಕ್ಕೆ. ಕುಡಿದಾಗ ನಿದ್ದೆ ಬೇಗ ಬರುತ್ತದೆ ನಿಜ. ಆದರೆ ಅಮಲು ಇಳಿದ ಹಾಗೆ ಮೆದುಳು ಎದ್ದು ಕೂರುತ್ತದೆ, ಉಳಿದರ್ಧ ರಾತ್ರಿ ನಿದ್ದೆ ಚೂರು ಚೂರು. ಸುಸ್ತು ಅಂತ ಮಾರನೇ ಸಂಜೆ ಮತ್ತೆ ಗ್ಲಾಸ್ ಹಿಡಿಯುತ್ತಿದ್ದೆ. ಆ ಸುಸ್ತು ಹಿಂದಿನ ರಾತ್ರಿಯ ಗ್ಲಾಸ್‌ನಿಂದಲೇ ಬಂದದ್ದು.

ನಿಯಮ ಹೆಚ್ಚು ಮಾಡಿಕೊಳ್ಳಲಿಲ್ಲ. ವಾರಕ್ಕೆ ನಾಲ್ಕು ದಿನ ಇಲ್ಲವೇ ಇಲ್ಲ. ಉಳಿದ ಮೂರು ದಿನ 150 ಎಂಎಲ್‌ನ ಎರಡು, ಅದರ ಮೇಲೆ ಬೇಡ. ಊಟಕ್ಕೆ ಕೂತ ಮೇಲೆಯೇ. ಅಳೆಯದೆ ಹಾಕಿಕೊಳ್ಳುವುದಿಲ್ಲ. ಆ ದೊಡ್ಡ ಗ್ಲಾಸ್‌ಗಳನ್ನು ಅಟ್ಟದ ಮೇಲೆ ಹಾಕಿದೆ. ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಬಾಟಲಿ ಇಡುವುದಿಲ್ಲ.

ಕಷ್ಟ ಆಗಿದ್ದು ಸಂಜೆ ಏಳೂವರೆಯಿಂದ ಎಂಟೂವರೆ. ಮೊದಲ ವಾರ ಆ ಒಂದು ಗಂಟೆ ನನಗೆ ಇಡೀ ದಿನಕ್ಕಿಂತ ಉದ್ದ ಅನ್ನಿಸಿತು. ಒಲೆ ಹಚ್ಚಿದ ಕೂಡಲೇ ಕೈ ಫ್ರಿಜ್ ಕಡೆ ಹೋಗುತ್ತಿತ್ತು. ಬಾಯಾರಿಕೆ ಅಲ್ಲ, ಆಸೆ ಅಂತಲೂ ಹೇಳಲಾರೆ. ಒಲೆ ಹಚ್ಚುವುದು, ಗ್ಲಾಸ್ ತೆಗೆಯುವುದು, ಎರಡೂ ಒಂದೇ ಕೆಲಸ ಅನ್ನುವ ಹಾಗೆ ಅಂಟಿಕೊಂಡಿದ್ದವು. ಅಕ್ಕ ಒಂದು ಮಾತು ಹೇಳಿದ್ದಳು. "ಬೇಡ ಬೇಡ ಅಂತ ಅದರ ಜೊತೆ ಜಗಳಕ್ಕೆ ನಿಲ್ಲಬೇಡ. ಗಡಿಯಾರ ನೋಡು. ಏರುತ್ತೆ, ಇಳಿಯುತ್ತೆ." ನೋಡಿದೆ. ಎದೆಯ ಕೆಳಗೆ ಏನೋ ಎಳೆದ ಹಾಗೆ, ಬಾಯಲ್ಲಿ ನೀರು, ಸುಮ್ಮಸುಮ್ಮನೆ ಸಿಟ್ಟು. ಹತ್ತು ನಿಮಿಷಕ್ಕೆ ಜೋರಾಯಿತು. ಇಪ್ಪತ್ತು ನಿಮಿಷಕ್ಕೆ ಸಡಿಲವಾಯಿತು. ಅರ್ಧ ಗಂಟೆ ಆಗುವಾಗ ತರಕಾರಿ ಹೆಚ್ಚುತ್ತಾ ಮಗಳ ಹೋಂವರ್ಕ್ ನೋಡುತ್ತಿದ್ದೆ, ಅದರ ನೆನಪೇ ಇರಲಿಲ್ಲ. ದಿನಾ ಹಾಗೇ ಆಗಲಿಲ್ಲ. ಎರಡು ಸಂಜೆ ಗೇಟಿನ ಹೊರಗೆ ಹೋಗಿ ನಡೆದು ಬರಬೇಕಾಯಿತು. ಹಸಿವಾಗಿದ್ದರೆ ಎಳೆತ ಜಾಸ್ತಿ ಅಂತಲೂ ನೋಟ್‌ಬುಕ್‌ನಿಂದಲೇ ಗೊತ್ತಾಯಿತು. ಈಗ ಆರೂವರೆಗೇ ಏನಾದರೂ ತಿಂದುಬಿಡುತ್ತೇನೆ. ಅರ್ಧ ಕಷ್ಟ ಅಲ್ಲಿಗೇ ಹೋಯಿತು.

ಮೂರನೇ ವಾರ ತಪ್ಪಿದೆ. ಒಂದು ಪಾರ್ಟಿ. ಗ್ಲಾಸ್ ಖಾಲಿ ಆಗುವ ಮೊದಲೇ ಯಾರೋ ತುಂಬಿಸುತ್ತಿದ್ದರು. ಎಷ್ಟಾಯಿತು ಅಂತ ಗೊತ್ತಾಗಲಿಲ್ಲ. ನೋಟ್‌ಬುಕ್‌ನಲ್ಲಿ ಆ ದಿನ "ಲೆಕ್ಕ ಇಲ್ಲ, ನಾಲ್ಕಕ್ಕಿಂತ ಹೆಚ್ಚು" ಅಂತ ಬರೆದಿದ್ದೇನೆ. ಮಾರನೇ ದಿನ "ಹೇಗೂ ಕೆಟ್ಟಿತಲ್ಲ" ಅಂತ ಮತ್ತೆ ಹಾಕಿಕೊಳ್ಳೋಣ ಅನ್ನಿಸಿತ್ತು. ಆ ಯೋಚನೆಯೇ ಪಾರ್ಟಿಗಿಂತ ಅಪಾಯ. ಒಂದು ದಿನ ತಪ್ಪಿದರೆ ಒಂದೇ ದಿನ ತಪ್ಪಿದ್ದು, ಹಿಂದಿನ ಹದಿನೆಂಟು ದಿನ ಅಳಿಸಿ ಹೋಗುವುದಿಲ್ಲ. ಈಗ ಎಲ್ಲಾದರೂ ಹೋದರೆ ಗ್ಲಾಸ್ ಪೂರ್ತಿ ಖಾಲಿ ಆಗುವವರೆಗೆ ತುಂಬಿಸಲು ಬಿಡುವುದಿಲ್ಲ. ಒಂದಾದ ಮೇಲೆ ಒಂದು ದೊಡ್ಡ ಗ್ಲಾಸ್ ನೀರು. ನೀರಿನಿಂದ ಅಮಲು ಕಡಿಮೆ ಆಗುವುದಿಲ್ಲ, ಆದರೆ ಕೈಗೆ ಬಿಡುವು ಸಿಗುತ್ತದೆ.

ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದಲ್ವಾ ಅಂತ ಕೇಳಬಹುದು. ಹೌದು, ಒಳ್ಳೆಯದೇ. ಆಲ್ಕೋಹಾಲ್ ಕ್ಯಾನ್ಸರ್ ತರುವ ವಸ್ತು ಅಂತ 1988ರಲ್ಲೇ ಗುರುತಿಸಿದ್ದಾರೆ. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಹೆಂಗಸರಿಗೆ ಸ್ತನ ಕ್ಯಾನ್ಸರ್‌ನ ಅಪಾಯ ಸ್ವಲ್ಪ ಕುಡಿದರೂ ಏರುತ್ತದೆ. ನಮ್ಮ ಮೈಯಲ್ಲಿ ನೀರಿನ ಪಾಲು ಕಡಿಮೆ, ಅದಕ್ಕೆ ಅಷ್ಟೇ ಕುಡಿದರೂ ರಕ್ತದಲ್ಲಿ ಹೆಚ್ಚು ಏರುತ್ತದೆ. ಹಾಗಾಗಿ ನನ್ನ ಎರಡು ಅಳತೆ ಆರೋಗ್ಯಕ್ಕೆ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ವಾರಕ್ಕೆ ಮೂವತ್ತು ಯೂನಿಟ್‌ಗಿಂತ ಹನ್ನೆರಡು ಮೇಲು, ಹನ್ನೆರಡಕ್ಕಿಂತ ಆರು ಮೇಲು, ಸೊನ್ನೆ ಎಲ್ಲಕ್ಕಿಂತ ಮೇಲು. ಕೆಲವರಿಗೆ ಒಂದಕ್ಕೆ ನಿಲ್ಲಿಸುವುದಕ್ಕಿಂತ ಪೂರ್ತಿ ಬಿಡುವುದೇ ಸುಲಭ. ಅಕ್ಕನಿಗೆ ಮಾತು ಕೊಟ್ಟಿದ್ದೇನೆ: ಮೂರು ತಿಂಗಳಲ್ಲಿ ಈ ಮಿತಿ ಪದೇ ಪದೇ ದಾಟಿದರೆ ಪೂರ್ತಿ ಬಿಡುತ್ತೇನೆ, ಬೇಕಾದರೆ ಡಾಕ್ಟರ್ ಹತ್ತಿರವೂ ಹೋಗುತ್ತೇನೆ. ಕುಡಿಯುವ ಸೆಳೆತ ತಗ್ಗಿಸಲು ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳೇ ಇವೆಯಂತೆ. ಇದೂ ಒಂದು ಕಾಯಿಲೆಯ ಹಾಗೆ, ಸಹಾಯ ಕೇಳಲು ನಾಚಿಕೆ ಯಾಕೆ?

ಕಳೆದ ವಾರದ ಪುಟ: ಎರಡು ದಿನ, ಒಟ್ಟು 450 ಎಂಎಲ್. ಆರು ಯೂನಿಟ್‌ಗಿಂತ ಚೂರು ಕಮ್ಮಿ. ಮೊದಲು ಒಂದೇ ರಾತ್ರಿ ಕುಡಿಯುತ್ತಿದ್ದಷ್ಟು. ನಿನ್ನೆ ರಾತ್ರಿ ಮಲಗಿದವಳು ಬೆಳಿಗ್ಗೆ ಆರಕ್ಕೇ ಎದ್ದದ್ದು. ಮಗಳಿಗೆ ಹೇಳಿದ ಕಥೆಯಲ್ಲಿ ಒಂದು ಕುರುಡು ಬೆಕ್ಕು ಇತ್ತು. ಅದು ಎಲ್ಲಿ ಬಿತ್ತು, ಯಾರು ಎತ್ತಿದರು, ಎಲ್ಲ ನೆನಪಿದೆ.

ಒಂಬತ್ತು ಗಂಟೆಗೆ ಗೆಳತಿಗೆ ಫೋನ್ ಮಾಡಿದ್ದೆ. ನಾಳೆ ಊಟಕ್ಕೆ ಬರುತ್ತಾಳೆ, ಯಾವಾಗಲೂ ಎರಡು ಬಾಟಲಿ ತರುತ್ತಾಳೆ. ನಾವಿಬ್ಬರೂ ಸೇರಿದರೆ ಎರಡೂ ಖಾಲಿ ಆಗುವುದೇ ರೂಢಿ. ಈ ಸಲ ಒಂದೇ ತಾ, ನಾನು ಎರಡು ಅಳತೆಗೆ ನಿಲ್ಲಿಸುತ್ತೇನೆ ಅಂದೆ. ನೀರು ಹಾಕಿ ಅಳೆದದ್ದನ್ನೂ ಹೇಳಿದೆ, 240 ಅಂತ. ಅವಳು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ನನಗೆ ಭಯ ಆಯಿತು, ಬೇಜಾರು ಮಾಡಿಕೊಂಡಳೇನೋ ಅಂತ. ಆಮೇಲೆ ಮೆಲ್ಲಗೆ ಕೇಳಿದಳು. "ನನ್ನ ಗ್ಲಾಸ್ ನಿನ್ನದಕ್ಕಿಂತ ದೊಡ್ಡದು ಕಣೇ. ನಾಳೆ ಅದನ್ನೂ ತರ್ತೀನಿ. ಆ ಅಳತೆ ಕಪ್ ತೆಗೆದಿಟ್ಟಿರ್ತೀಯಾ?"