ಹಿರೇಭಾಸ್ಕರ ಅಣೆಕಟ್ಟಿನ ಮೇಲೆ ಒಂದು ಮಧ್ಯಾಹ್ನ

ಏಪ್ರಿಲ್ ಕೊನೆಯ ವಾರ ಸಾಗರದಿಂದ ಹೊರಟ ನಮ್ಮ ಮಿನಿ ಬಸ್ಸಿನಲ್ಲಿ ಸುಡಾನ್, ಆಸ್ಟ್ರೇಲಿಯಾ, ಜರ್ಮನಿ, ನೇಪಾಳಗಳ ಹನ್ನೊಂದು ವಿದ್ಯಾರ್ಥಿಗಳಿದ್ದರು. ಶರಾವತಿ ಹಿನ್ನೀರಿನ ಜನರೊಂದಿಗೆ ಕುಳಿತು ಕಾಡು, ನದಿಗಳ ಸ್ಥಿತಿಯನ್ನು ಚರ್ಚಿಸುವುದು ಅವರ ಉದ್ದೇಶವಾಗಿತ್ತು. ಎರಡೂ ಕಡೆಯ ಮಾತನ್ನು ಅನುವಾದಿಸುವ ಹೊಣೆ ನನ್ನದು.

ದಾರಿಯಲ್ಲಿ ಅಕೇಶಿಯಾ ನೆಡುತೋಪೊಂದರ ಬಳಿ ಆಸ್ಟ್ರೇಲಿಯಾದ ಹುಡುಗಿ ಬಸ್ಸು ನಿಲ್ಲಿಸಲು ಹೇಳಿದಳು. ಕುಡುಗೋಲಿನಂತೆ ಬಾಗಿದ ಒಣ ಎಲೆಯನ್ನು ಅಂಗೈ ಮೇಲಿಟ್ಟುಕೊಂಡು, ಇದು ನಿಜಕ್ಕೂ ಎಲೆಯಲ್ಲ, ಚಪ್ಪಟೆಯಾದ ತೊಟ್ಟು, ಈ ಮರ ನಮ್ಮ ದೇಶದ ಉತ್ತರ ಭಾಗದ್ದು ಎಂದಳು. ಅಲ್ಲಿ ನೂರು ಜಾತಿಗಳ ನಡುವೆ ಒಂದಾಗಿರುವ ಮರ ಇಲ್ಲಿ ಗುಡ್ಡದ ತುಂಬ ತಾನೊಂದೇ ಸಾಲುಗಟ್ಟಿ ನಿಂತಿದ್ದನ್ನು ಕಂಡು ಅವಳು ಬಹಳ ಹೊತ್ತು ಮಾತಾಡಲಿಲ್ಲ.

1948ರಲ್ಲಿ ಪೂರ್ಣಗೊಂಡ ಶರಾವತಿಯ ಹಿರೇಭಾಸ್ಕರ ಅಣೆಕಟ್ಟನ್ನು 1964ರಲ್ಲಿ ಅದೇ ನದಿಯ ಲಿಂಗನಮಕ್ಕಿ ಜಲಾಶಯ ಮುಳುಗಿಸಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಾತ್ರ ಅದರ ಕಲ್ಲುಗೋಡೆ ಹೊರಬರುತ್ತದೆ. ಸುತ್ತ ಬಿರುಕುಬಿಟ್ಟ ಕೆಸರಿನಲ್ಲಿ ಅರವತ್ತು ವರ್ಷ ನೀರುಂಡ ಮರದ ಬೊಡ್ಡೆಗಳು ಕಪ್ಪಾಗಿ ನಿಂತಿದ್ದವು. ನಮ್ಮೊಂದಿಗೆ ಬಂದಿದ್ದ ಅಜ್ಜ ಅವುಗಳ ಆಚೆ ಬೆರಳು ತೋರಿಸಿ, "ನಮ್ಮ ತ್ವಾಟ ಅಲ್ಲಿತ್ತು" ಎಂದರು. ಹತ್ತು ವರ್ಷದವರಾಗಿದ್ದಾಗ ಮನೆಯ ಹಂಚು, ತೊಲೆಗಳ ಜೊತೆ ಅವರೂ ಲಾರಿ ಹತ್ತಿದ್ದರಂತೆ.

ನಾನು ಅನುವಾದಿಸಿ ಮುಗಿಸುವ ಮೊದಲೇ ಸುಡಾನಿನ ಹುಡುಗ ಅಜ್ಜನ ಪಕ್ಕಕ್ಕೆ ಬಂದು ಕುಳಿತ. ಅವನ ತಾತನ ಊರು ನೈಲ್ ದಂಡೆಯ ವಾದಿ ಹಲ್ಫಾ. ಪಕ್ಕದ ಈಜಿಪ್ಟಿನ ಆಸ್ವಾನ್ ಅಣೆಕಟ್ಟಿನ ನೀರು ಏರತೊಡಗಿದಾಗ, ಅದೇ 1964ರಲ್ಲಿ, ಅಲ್ಲಿನ ನೂಬಿಯನ್ ಜನರನ್ನು ರೈಲು ಹತ್ತಿಸಿ ದೂರದ ಬಯಲಿಗೆ ಸಾಗಿಸಲಾಗಿತ್ತು; ಅವರ ಖರ್ಜೂರದ ತೋಟಗಳು ಹಿಂದೆಯೇ ಉಳಿದವು. "ನಿಮ್ಮೂರೂ ಮುಳುಗಿ ಹೋಯ್ತಾ ಮಗಾ?" ಎಂದು ಅಜ್ಜ ಅವನ ಕೈ ಹಿಡಿದುಕೊಂಡರು. ಆ ಪ್ರಶ್ನೆಗೆ ಅನುವಾದ ಬೇಕಾಗಲಿಲ್ಲ.

ಬುತ್ತಿ ಬಿಚ್ಚಿದ ಮೇಲೆ ಚರ್ಚೆ 2000 ಮೆಗಾವಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯತ್ತ ತಿರುಗಿತು. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಹೆಚ್ಚಿದಾಗ ಮತ್ತೆ ಕೆಳಗೆ ಹರಿಸಿ ವಿದ್ಯುತ್ ತೆಗೆಯುವ ಯೋಜನೆಯದು. ಬಿಸಿಲು, ಗಾಳಿಯ ವಿದ್ಯುತ್ತನ್ನು ಹಿಡಿದಿಡುವ ದಾರಿ ಬೇಕೇ ಬೇಕು, ಇಲ್ಲದಿದ್ದರೆ ಕಲ್ಲಿದ್ದಲನ್ನು ಬಿಡಲಾಗದು ಎಂದು ಜರ್ಮನಿಯ ವಿದ್ಯಾರ್ಥಿ ವಾದಿಸಿದ. ಅವನ ಮಾತು ಸುಳ್ಳಲ್ಲ. ಆದರೆ ಆ ಕಣಿವೆ ಸಿಂಗಳೀಕಗಳ ನೆಲೆ. ನೆಲಕ್ಕಿಳಿಯುವುದೇ ಅಪರೂಪವಾದ ಆ ಕೋತಿಗೆ ಕೊಂಬೆಗೆ ಕೊಂಬೆ ಕೂಡಿದ ಕಾಡೇ ದಾರಿ, ಅದನ್ನು ಕಡಿದರೆ ಬೇರೆಡೆ ಸಸಿ ನೆಟ್ಟು ಸರಿದೂಗಿಸಲಾಗದು ಎಂಬುದು ನನ್ನ ದೃಢ ಅಭಿಪ್ರಾಯ. ಅದನ್ನು ಅವನಿಗೂ ಹೇಳಿದೆ.

ಹಾಗಾದರೆ ಮೊದಲು ಆಗಬೇಕಾದದ್ದೇನು ಎಂದು ಅವನು ಅಜ್ಜನನ್ನೇ ಕೇಳಿದ. "ಆವಾಗ ಮುಳುಗಿಸಿದ್ದಕ್ಕೆ ಮೊದ್ಲು ಹಕ್ಕುಪತ್ರ ಕೊಡ್ಲಿ" ಎಂದರು ಅಜ್ಜ. ಆ ಒಂದು ಪದವನ್ನು ಬಿಡಿಸಿ ಹೇಳಲು ನನಗೆ ಬಸ್ಸು ಸಾಗರ ತಲುಪುವವರೆಗೂ ಬೇಕಾಯಿತು.