ಮೂರೋ ಎಂಟೋ: ಶೆವೆಲ್ ಮಾರುವ ಪಾಡು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಗರಾಜಿನಲ್ಲಿ ಒಬ್ಬನೇ ಕೂಗಿಬಿಟ್ಟೆ. ಜಾಕ್ ಜಾರಿ ಕಾಲಿನ ಮೇಲೆ ಬಿತ್ತೇನೋ ಅಂತ ಹೆಂಡತಿ ಓಡಿ ಬಂದಳು. "ಮೂರಲ್ಲ ಕಣೇ, ಎಂಟು!" ಅಂದೆ. ಒಮ್ಮೆ ಮುಖ ನೋಡಿ ಒಳಗೆ ಹೋದಳು.

ಮಾರಲು ಇಟ್ಟಿರುವ ಗಾಡಿ 1969ರ ಶೆವ್ರೊಲೆ ಶೆವೆಲ್ ಎಸ್‌ಎಸ್ 396, ಅಂದರೆ ಆ ಕಾರಿನ ಜೋರು ಓಟದ ರೂಪ. ಎಲ್78 ಅನ್ನೋ ಬಲಶಾಲಿ ಇಂಜಿನ್, ನಾಲ್ಕು ಗೇರು. ಫ್ಯಾದಮ್ ಗ್ರೀನ್ ಬಣ್ಣ ಫ್ಯಾಕ್ಟರಿಯದ್ದೇ, ಬಾಗಿಲ ಕೆಳಗಿನ ತುಕ್ಕು ನಮ್ಮ ಮಿಶಿಗನ್ ಚಳಿಗಾಲದ ಉಪ್ಪಿನದ್ದು. ಕಾರ್ಬುರೇಟರ್, ಬ್ರೇಕ್ ಲೈನು ರಿಪೇರಿ ಎಲ್ಲ ಮುಗಿದಿದೆ. ತಲೆ ತಿಂದದ್ದು ಗಾಡಿ ಅಸಲಿ ಎಸ್‌ಎಸ್, ಇಂಜಿನ್ ಅದರದ್ದೇ ಅನ್ನೋದಕ್ಕೆ ಪುರಾವೆ.

ಆ ವರ್ಷ ಎಸ್‌ಎಸ್ ಬೇರೆ ಮಾಡೆಲ್ ಆಗಿರಲಿಲ್ಲ, ಜೆಡ್25 ಅನ್ನೋ ಆಪ್ಷನ್ ಆಗಿತ್ತು. ವಿನ್, ಅಂದರೆ ಗಾಡಿಯ ಗುರುತಿನ ನಂಬರ್, 13637 ಅಂತ ಶುರುವಾದರೆ ವಿ8 ಮಾಲಿಬು ಕೂಪೆ ಅಂತ ಗೊತ್ತಾಗುತ್ತದೆ, ಅಷ್ಟೇ. ಬಡಪಾಯಿ 307 ಇಂಜಿನ್ ಇದ್ದರೂ ಶುರು ಅದೇ. ಹಾಗಾಗಿ ಬಿಲ್ಡ್ ಶೀಟ್, ಅಂದರೆ ಗಾಡಿಗೆ ಏನೇನು ಜೋಡಿಸಬೇಕು ಅಂತ ಫ್ಯಾಕ್ಟರಿಯಲ್ಲಿ ಬರೆದ ಹಾಳೆ, ಹುಡುಕಿ ಪೆಟ್ರೋಲ್ ಟ್ಯಾಂಕ್ ಇಳಿಸಿದೆ. ಟ್ಯಾಂಕಿನ ಮೇಲೆ ಇಲಿ ಸಂಸಾರ ಹೂಡಿತ್ತು. ಶೀಟು ಹಾಸಿಗೆಯಾಗಿತ್ತು. ಟ್ಯಾಂಕ್ ಮತ್ತೆ ಏರಿಸಿ ಬಿಗಿಯಲು ತರಿಸಿದ ಲೋಹದ ಪಟ್ಟಿ ಬೇರೆ ಗಾಡಿಯದ್ದು. ವಾಪಸ್ ಕಳಿಸಿದರೆ ಅಂಗಡಿಯವನು ಅದೇ ಪಟ್ಟಿಯನ್ನು ಹೊಸ ಡಬ್ಬದಲ್ಲಿ ಹಾಕಿ ಕಳಿಸಿದ. ಸ್ಟಿಕ್ಕರ್ ಮಾತ್ರ ಚೆನ್ನಾಗಿತ್ತು.

ಉಳಿದದ್ದು ಇಂಜಿನ್ ಪ್ಯಾಡ್, ಅಂದರೆ ಇಂಜಿನ್ ಮೇಲೆ ನಂಬರ್ ಹೊಡೆದಿರುವ ಚಪ್ಪಟೆ ಜಾಗ. "ಅದರ ಫೋಟೋ ಕಳಿಸಿ, ಆಮೇಲೆ ಮಾತಾಡೋಣ" ಅಂದಿದ್ದರು ಕೊಳ್ಳುವವರು. ಬಲಗಡೆ ಸಿಲಿಂಡರ್ ಹೆಡ್ಡಿನ ಮುಂದೆ, ಆಲ್ಟರ್ನೇಟರ್ ಹಿಂದೆ ಎರಡು ಬೆರಳಗಲದ ಜಾಗ. ಅದರ ಮೇಲೆ ಕಿತ್ತಳೆ ಬಣ್ಣ, ಬಣ್ಣದ ಮೇಲೆ ಐವತ್ತು ವರ್ಷದ ಜಿಡ್ಡು. ನನ್ನ ಕೈ ತಾನಾಗೇ ವೈರ್ ಬ್ರಷ್ ಕಡೆ ಹೋಯಿತು. ದೇವರು ದೊಡ್ಡವನು, ಅಷ್ಟರಲ್ಲಿ ಫೋನ್ ಬಂತು, ಉಜ್ಜೋದು ತಪ್ಪಿತು.

ಯಾಕೆಂದರೆ ಅಲ್ಲಿ ನಂಬರಿನಷ್ಟೇ ಮುಖ್ಯ ಬ್ರೋಚ್ ಗೆರೆಗಳು. ಬ್ಲಾಕ್ ತರಿಯುವಾಗ ಮುಂದಿನಿಂದ ಹಿಂದಕ್ಕೆ ಬೀಳುವ ಸಣ್ಣ ಗೀರುಗಳು. ಅವು ಅಳಿಸಿದ್ದರೆ ಯಾರೋ ಉಜ್ಜಿ ಹೊಸ ನಂಬರ್ ಹೊಡೆದಿದ್ದಾರೆ ಅನ್ನೋ ಅನುಮಾನ. ನಾನು ಬ್ರಷ್ ಆಡಿಸಿದ್ದರೆ ಅಸಲಿ ಗಾಡಿ ನನ್ನ ಕೈಯಲ್ಲೇ ನಕಲಿ ಆಗುತ್ತಿತ್ತು.

ಕೊನೆಗೆ ಜೆಲ್ ಸ್ಟ್ರಿಪ್ಪರ್, ಮಗಳ ಹಳೇ ಟೂತ್‌ಬ್ರಷ್, ಐಸ್‌ಕ್ರೀಮ್ ಕಡ್ಡಿ. ಹಚ್ಚು, ಕಾಯಿ, ಒರೆಸು. ನಾಲ್ಕು ಸಂಜೆ ಹೀಗೇ ಹೋದವು. ಮೊದಲು 'ಟಿ' ಕಂಡಿತು, ಅಂದರೆ ಟೊನವಾಂಡ ಫ್ಯಾಕ್ಟರಿ. ಆಮೇಲೆ ತಾರೀಖು, ಬಾಲದಲ್ಲಿ ಎಲ್78ರದ್ದೇ ಎರಡಕ್ಷರ. ಪಕ್ಕದಲ್ಲಿ 19ಬಿ, ಅಂದರೆ ಶೆವ್ರೊಲೆ, 69, ಬಾಲ್ಟಿಮೋರ್. ಮುಂದೆ ಆರು ಅಂಕಿ, ವಿನ್‌ನ ಕೊನೆಯ ಆರಕ್ಕೆ ಹೊಂದಬೇಕು. ಐದು ಸರಿಹೋದವು. ಆರನೆಯದು ಮೂರೋ, ಎಂಟೋ? ಮೂರಾದರೆ ಇಂಜಿನ್ ಬೇರೆ ಗಾಡಿಯದ್ದು, ಬೆಲೆ ಪಾತಾಳಕ್ಕೆ.

ಎರಡು ದಿನ ಭೂತಗನ್ನಡಿ ಹಿಡಿದು ಕೂತೆ. ಆಗ ಮೈಸೂರಿನ ಯೆಜ್ಡಿ ಬೈಕ್ ನೆನಪಾಯಿತು. ಮಾವನ ಹಿತ್ತಲಲ್ಲಿ ಟಾರ್ಪಾಲ್ ಹೊದ್ದು ಕೂತಿರುವ ರೋಡ್‌ಕಿಂಗ್, ನನ್ನ ಮುಂದಿನ ಪ್ರಾಜೆಕ್ಟ್. ಕಿಕ್ಕರೇ ಗೇರ್ ಲಿವರ್ ಆಗುವ ಆ ಜಾಣತನಕ್ಕೆ ನಾನು ಇವತ್ತಿಗೂ ಶರಣು. ಅದರ ಚಾಸಿ ನಂಬರನ್ನು ಮಾವ ಕರೆಂಟ್ ಹೋದ ರಾತ್ರಿ ಟಾರ್ಚ್ ಓರೆ ಹಿಡಿದು ಓದಿದ್ದರು. ನಾನೋ ಇಲ್ಲಿ ನೆತ್ತಿ ಮೇಲೆ ಟ್ಯೂಬ್‌ಲೈಟ್ ಉರಿಸಿಕೊಂಡು ಕೂತಿದ್ದೇನೆ!

ಲೈಟ್ ಆರಿಸಿದೆ. ಟಾರ್ಚನ್ನು ಪ್ಯಾಡಿಗೆ ಮಲಗಿಸಿ ಹಿಡಿದೆ. ಗೆರೆಗಳೆಲ್ಲ ಎದ್ದು ನಿಂತವು. ಆ ಅಂಕಿಯ ಎಡಗಡೆ, ಕೂದಲಿನಷ್ಟು ತೆಳ್ಳಗೆ, ಎರಡು ಕಮಾನು. ಎಂಟು.

ಫೋಟೋ ಹೋಗಿದೆ. ಕೊಳ್ಳುವವರು ಶನಿವಾರ ಬರುತ್ತಾರೆ. ಪಕ್ಕದ ಮನೆಯವರು ಅಷ್ಟರೊಳಗೆ ಒಂದು ಸಲ ಪಾಲಿಶ್ ಹೊಡೆದುಕೊಡ್ತೀನಿ ಅಂತಿದ್ದಾರೆ, ಪಾಪ ಒಳ್ಳೆಯವರು. ಗರಾಜಿಗೆ ಬೀಗ ಹಾಕಿದ್ದೇನೆ.